ಕಲ್ಲಿದ್ದಲಿನ ಋಣ

ಬೆಂಗಳೂರಿನ ಬಿಳೇಕಹಳ್ಳಿಯ ಮನೆಮನೆಗೂ ತಿಂಗಳಿಗೊಮ್ಮೆ ಬರುವ ಬೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ 2025ರ ಏಪ್ರಿಲ್ ಮೊದಲ್ಗೊಂಡು ಒಂದು ಹೊಸ ಬಾಬ್ತು ಸೇರಿಕೊಂಡಿದೆ. ಹಿಂದಿನ ವಿದ್ಯುಚ್ಛಕ್ತಿ ಮಂಡಳಿಯ ಕಾಲದಿಂದ ಸೇವೆ ಮಾಡಿ ನಿವೃತ್ತರಾದ ನೌಕರರ ಪಿಂಚಣಿಗೂ ಗ್ರಾಚ್ಯುಟಿಗೂ ಬೇಕಾಗುವ ಹಣದಲ್ಲಿ ಸರ್ಕಾರವು ಭರಿಸಬೇಕಾಗಿದ್ದ ಪಾಲನ್ನು ಬಳಕೆದಾರರಿಂದಲೇ, 2025-26ರಲ್ಲಿ ಪ್ರತಿ ಯೂನಿಟ್ಟಿಗೆ 36 ಪೈಸೆಯಂತೆ, ವಸೂಲು ಮಾಡಬಹುದೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಕೊಟ್ಟ ಅಪ್ಪಣೆಯ ಫಲವದು. ಈ ಮೂವತ್ತಾರು ಪೈಸೆ ನಮ್ಮ ಬಡಾವಣೆಗಳಲ್ಲಿ ಸಾಕಷ್ಟು ಗೊಣಗಾಟಕ್ಕೆ ಕಾರಣವಾಯಿತು. ಆಶ್ಚರ್ಯದ ಸಂಗತಿಯೇನೆಂದರೆ, ಗೊಣಗಿದವರಲ್ಲಿ ಅನೇಕರು ಸ್ವತಃ ಪಿಂಚಣಿದಾರರು. ವಿಜಯಾ ಬ್ಯಾಂಕ್ ಬಡಾವಣೆಯ ಬೆಳಗಿನ ನಡಿಗೆಯಲ್ಲಿ ಎದುರಾಗುವ ಹಿರಿಯರು, ತಮ್ಮ ಮೂಲ ಪಿಂಚಣಿಯು ನಿವೃತ್ತಿಯ ದಿನ ಎಲ್ಲಿ ನಿಂತಿತೋ ಅಲ್ಲಿಯೇ ನಿಂತಿದೆಯೆಂದು ಒಂದು ಉಸಿರಿನಲ್ಲಿ ದೂರಿ, ಮತ್ತೊಂದು ಉಸಿರಿನಲ್ಲಿ, ಯಾರದೋ ಪಿಂಚಣಿಯ ಭಾರವನ್ನು ನಾವೇಕೆ ಹೊರಬೇಕೆಂದು ಕೇಳುವುದನ್ನು ನಾನು ಕೇಳಿದ್ದೇನೆ. ಈ ಎರಡು ಉಸಿರುಗಳ ನಡುವೆ ಒಂದು ಧರ್ಮಪ್ರಶ್ನೆ ಅಡಗಿದೆ. ಅದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ನಾನು ಆಯ್ದುಕೊಂಡಿರುವುದು ವಿದ್ಯುತ್ ನೌಕರರ ಪಿಂಚಣಿಯನ್ನಲ್ಲ. ನಮ್ಮ ಮನೆಯ ದೀಪದ ಹಿಂದೆ ಇನ್ನೂ ಒಂದು ಮೆಟ್ಟಿಲು ಕೆಳಗೆ ಇರುವವನನ್ನು, ಕಲ್ಲಿದ್ದಲನ್ನು ಅಗೆದು ನಿವೃತ್ತನಾದ ಕಾರ್ಮಿಕನನ್ನು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಆದರೂ 1985ರಲ್ಲಿ ಕೃಷ್ಣಾತೀರದ ಶಕ್ತಿನಗರದಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರವು ಕಾರ್ಯಾರಂಭ ಮಾಡಿದಂದಿನಿಂದ, ಆಮೇಲೆ ಬಳ್ಳಾರಿಯ ಕುಡಿತಿನಿಯಲ್ಲಿಯೂ ಯರಮರಸಿನಲ್ಲಿಯೂ ಅದರ ಸೋದರ ಕೇಂದ್ರಗಳು ಎದ್ದಂದಿನಿಂದ, ತೆಲಂಗಾಣದ ಸಿಂಗರೇಣಿಯಿಂದಲೂ ಕೋಲ್ ಇಂಡಿಯಾದ ಗಣಿಗಳಿಂದಲೂ ರೈಲುಗಾಡಿಗಳಲ್ಲಿ ಬರುವ ಕಪ್ಪು ಕಲ್ಲು ನಮ್ಮ ಬೆಳಕಿನ ಒಂದು ದೊಡ್ಡ ಭಾಗವನ್ನು ಕೊಡುತ್ತ ಬಂದಿದೆ. ಶರಾವತಿಯ ನೀರೂ ಪಾವಗಡದ ಬಿಸಿಲೂ ಉಂಟು, ನಿಜ. ಆದರೆ ಮಳೆ ಕೈಕೊಟ್ಟ ವರ್ಷದ ಬೇಸಗೆಯ ರಾತ್ರಿಯಲ್ಲಿ ಬನ್ನೇರುಘಟ್ಟ ರಸ್ತೆಯ ದೀಪಗಳನ್ನು ಉಳಿಸತಕ್ಕದ್ದು ಆ ಕಲ್ಲೇ.

ಅದನ್ನು ಅಗೆದವರ ಮುಪ್ಪಿಗೆ ಆಧಾರವಾಗಿರುವುದು 1998ರ ಕಲ್ಲಿದ್ದಲು ಗಣಿ ಪಿಂಚಣಿ ಯೋಜನೆ. 1948ರ ಭವಿಷ್ಯ ನಿಧಿ ಕಾನೂನಿನ ಅಡಿಯಲ್ಲಿ ಧನಬಾದಿನ ಕಾರ್ಯಾಲಯವು ಅದನ್ನು ನಡೆಸುತ್ತದೆ. ನಿಧಿಗೆ ಕಾರ್ಮಿಕನ ವೇತನದಿಂದಲೂ ಸಂಸ್ಥೆಯಿಂದಲೂ ವಂತಿಗೆ ಸಲ್ಲುತ್ತದೆ; 2017ರಿಂದ ಅದು ತಲಾ ನೂರಕ್ಕೆ 7ರಂತೆ. ನಿವೃತ್ತಿಯ ದಿನ ಪಿಂಚಣಿ ಗೊತ್ತಾಗುತ್ತದೆ, ಗೊತ್ತಾದುದು ಗೊತ್ತಾದಷ್ಟೇ. ಸರ್ಕಾರಿ ನೌಕರನ ಪಿಂಚಣಿಗೆ ಇರುವ ತುಟ್ಟಿಭತ್ಯೆ ಇದಕ್ಕಿಲ್ಲ. ಯೋಜನೆಯ ಆರಂಭದ ವರ್ಷಗಳಲ್ಲಿ, ವೇತನಗಳು ಈಗಿನ ಲೆಕ್ಕಕ್ಕೆ ಬಹು ಅಲ್ಪವಾಗಿದ್ದಾಗ ನಿವೃತ್ತನಾದವನು, ಅಂದು ನಿರ್ಣಯವಾದ ಒಂದೆರಡು ಸಾವಿರ ರೂಪಾಯಿಗಳನ್ನೇ ಇಂದೂ ಪಡೆಯುತ್ತಾನೆ. ಕನಿಷ್ಠ ಪಿಂಚಣಿಯು ಒಂದು ಸಾವಿರ ರೂಪಾಯಿಯನ್ನು ಮುಟ್ಟಿದ್ದೇ ಈಚೆಗೆ. ನಮ್ಮ ಬೆಂಗಳೂರಿನ ಕಾರ್ಖಾನೆಗಳಿಂದ ನಿವೃತ್ತರಾದವರ 1995ರ ನೌಕರರ ಪಿಂಚಣಿ ಯೋಜನೆಯಲ್ಲಿಯೂ ಕನಿಷ್ಠ ಮೊತ್ತ 2014ರ ಸೆಪ್ಟೆಂಬರಿನಲ್ಲಿ ಸಾವಿರ ರೂಪಾಯಿಗೆ ಏರಿತು; ಅದಕ್ಕೂ ತುಟ್ಟಿಭತ್ಯೆಯ ನಂಟಿಲ್ಲ. ಆದುದರಿಂದ ಗಣಿಯವನ ಕಥೆ ನಮಗೆ ತೀರ ಪರದೇಶದ್ದೇನೂ ಅಲ್ಲ.

ಮೊದಲು ಕೇಳಬೇಕಾದುದು ಇದು: ಪಿಂಚಣಿ ದಾನವೊ, ಋಣವೊ? ದಾನವಾದರೆ ಕೊಡುವವನ ಮನಸ್ಸು ಅದಕ್ಕೆ ಅಳತೆ. ಋಣವಾದರೆ ಪಡೆದವನು ಕೊಟ್ಟದ್ದು ಅಳತೆ. ನ್ಯಾಯಾಲಯದ ಉತ್ತರ ಸ್ಪಷ್ಟವಾಗಿದೆ. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪಿಂಚಣಿಯು ಧಣಿಯ ಕೃಪೆಯಿಂದ ಬರತಕ್ಕ ಇನಾಮಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲತಕ್ಕ ಸಂದಾಯ ಎಂಬ ಅಭಿಪ್ರಾಯವನ್ನು ಕೊಟ್ಟಿತು. ಆ ದಿನವನ್ನು ಪಿಂಚಣಿದಾರರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಅದು ಸರ್ಕಾರಿ ನೌಕರರ ವ್ಯಾಜ್ಯ. ವಂತಿಗೆಯ ನಿಧಿಗಳಿಗೆ ಅದರ ಅಕ್ಷರ ಹಾಗೆಯೇ ಅನ್ವಯಿಸದು. ಆದರೆ ತನ್ನ ವೇತನದಿಂದಲೇ ಕಡಿದು ಕೂಡಿಟ್ಟವನಿಗೆ ಅದರ ತತ್ತ್ವವು ಇನ್ನೂ ಹೆಚ್ಚಾಗಿ ಸಲ್ಲಬೇಕಲ್ಲವೆ?

ಧರ್ಮಶಾಸ್ತ್ರದ ಉತ್ತರ ಇದಕ್ಕಿಂತ ಹಳೆಯದು. ಮನುಷ್ಯನು ಹುಟ್ಟುವಾಗಲೇ ಸಾಲಗಾರನಾಗಿ ಹುಟ್ಟುತ್ತಾನೆಂಬುದು ನಮ್ಮ ಪರಂಪರೆಯ ಒಂದು ಮೂಲಭಾವ. ತೈತ್ತಿರೀಯ ಸಂಹಿತೆಯು ದೇವ, ಋಷಿ, ಪಿತೃ ಎಂಬ ಮೂರು ಋಣಗಳನ್ನು ಹೇಳಿದರೆ, ಶತಪಥ ಬ್ರಾಹ್ಮಣವು ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯಋಣ. ಯಜ್ಞ, ಅಧ್ಯಯನ, ಸಂತಾನಗಳಿಂದ ಮೊದಲ ಮೂರು ತೀರುತ್ತವೆ. ನಾಲ್ಕನೆಯದು ಅನ್ನವನ್ನೂ ಆಶ್ರಯವನ್ನೂ ಕೊಡುವುದರಿಂದ. ಮಿಕ್ಕ ಮೂರಕ್ಕೂ ಪುರೋಹಿತರು ದೊರೆತರು, ವಿಧಿಗಳು ಬೆಳೆದವು, ದಿನ ತಿಥಿಗಳು ನಿಶ್ಚಿತವಾದವು. ಈ ನಾಲ್ಕನೆಯದು ಮಾತ್ರ ಅತಿಥಿಗೆ ಊಟ ಹಾಕುವ ಮಟ್ಟಕ್ಕೆ ಇಳಿದು, ಬರುಬರುತ್ತ ಪುಣ್ಯಸಂಪಾದನೆಯ ಲೆಕ್ಕಕ್ಕೆ ಸೇರಿ, ಋಣವೆಂಬ ತನ್ನ ಹುಟ್ಟುಗುಣವನ್ನು ಕಳೆದುಕೊಂಡಿತು. ನಮ್ಮ ಸಮಾಜವು ದಾನದಲ್ಲಿ ಉದಾರವೂ ವೇತನದಲ್ಲಿ ಜಿಪುಣವೂ ಆಗಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ.

ಆದರೆ ನಮ್ಮ ನೆಲದ ಅರಸರು ಈ ಋಣವನ್ನು ಅರಿಯದವರಲ್ಲ. ಬಿಳೇಕಹಳ್ಳಿಯಿಂದ ಆಗ್ನೇಯಕ್ಕೆ ಎರಡು ಮೂರು ಮೈಲಿ ನಡೆದರೆ ಬೇಗೂರು. ಅಲ್ಲಿ ದೊರೆತು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಪ್ರಸಿದ್ಧ ವೀರಗಲ್ಲು, ನಾಗತ್ತರನೆಂಬವನು ತುಂಬೆಪಾಡಿಯ ಕಾಳಗದಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ಮಡಿದುದನ್ನು ಹೇಳುತ್ತದೆ. ಅದನ್ನು ಕೇಳಿದ ಗಂಗ ದೊರೆ ಎರೆಯಪ್ಪರಸನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಎಂದರೆ ಭೂಮಿಯ ಕೊಡುಗೆಯಾಗಿ, ಕೊಟ್ಟನೆಂದೂ ಹೇಳುತ್ತದೆ. ಕಾದಾಟದ ಆನೆ ಕುದುರೆಗಳನ್ನು ನೋಡಲು ಜನ ಆ ಕಲ್ಲಿನ ಮುಂದೆ ನಿಲ್ಲುತ್ತಾರೆ. ನನಗೆ ಹೆಚ್ಚು ಅರ್ಥವತ್ತಾಗಿ ಕಾಣುವುದು ಕೊಡುಗೆಯ ಸಾಲುಗಳು. ಇಂತಹ ಕೊಡುಗೆಗಳಿಗೆ ನೆತ್ತರುಕೊಡಗಿ ಎಂಬ ಹೆಸರೂ ನಮ್ಮ ಶಾಸನಗಳಲ್ಲಿ ಬಳಕೆಯಲ್ಲಿದೆ. ಕೌಟಿಲ್ಯನೂ ಕೆಲಸದಲ್ಲಿ ಸತ್ತವರ ಹೆಂಡಿರು ಮಕ್ಕಳಿಗೆ ಅನ್ನವೇತನಗಳನ್ನು ಕೊಡತಕ್ಕದ್ದೆಂದು ವಿಧಿಸಿದ್ದಾನೆ. ಕೊಟ್ಟದ್ದು ಭೂಮಿ ಎಂಬುದನ್ನು ಗಮನಿಸಬೇಕು. ಭೂಮಿಗೆ ಬೆಲೆ ಇಳಿಯುವ ರೋಗವಿಲ್ಲ. ಕಾಲ ಏರಿದರೆ ಅದರ ಫಲದ ಬೆಲೆಯೂ ಏರುತ್ತದೆ. ಊರಿನ ಆಯಗಾರರಿಗೆ ಕಣದಲ್ಲಿ ಅಳೆದು ಕೊಡುತ್ತಿದ್ದ ಆಯವೂ ಹಾಗೆಯೇ, ಹಣವಾಗಿರದೆ ಧಾನ್ಯವಾಗಿತ್ತು. (ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ, ಜಾತಿಯ ಕಟ್ಟಿನಲ್ಲಿ ಹುಟ್ಟಿದ ಆ ವ್ಯವಸ್ಥೆಯಲ್ಲಿ ಅಳೆದವನ ಕೈ ಎಷ್ಟೋ ಸಲ ಕುಗ್ಗಿರಬೇಕು.)

ಇಲ್ಲಿಗೆ ಸಾಲದ ಒಡಲಿನ ಪ್ರಶ್ನೆ ಎದುರಾಗುತ್ತದೆ. 1999ರಲ್ಲಿ ಒಬ್ಬನಿಗೆ ತಿಂಗಳಿಗೆ ಇಷ್ಟು ರೂಪಾಯಿ ಕೊಡುವೆವೆಂದು ಮಾತು ಕೊಟ್ಟವರು, ಇಂದೂ ಅಷ್ಟೇ ರೂಪಾಯಿ ಕೊಟ್ಟರೆ ಮಾತನ್ನು ಉಳಿಸಿಕೊಂಡಂತಾಯಿತೆ? ಅಕ್ಷರದಲ್ಲಿ ಆಯಿತು. ಆದರೆ ಅಂದು ಆ ಹಣಕ್ಕೆ ತಿಂಗಳಿಡೀ ಅಕ್ಕಿ ಬೇಳೆ ಬರುತ್ತಿದ್ದುದು ಇಂದು ವಾರಕ್ಕೂ ಸಾಲದಿದ್ದರೆ, ಸಂಖ್ಯೆ ಉಳಿಯಿತು, ಅನ್ನ ಉಳಿಯಲಿಲ್ಲ. ಮಾತು ಕೊಟ್ಟದ್ದು ಅನ್ನವನ್ನು ಕುರಿತು; ರೂಪಾಯಿ ಅದನ್ನು ಅಳೆಯುವ ಕೊಳಗ ಮಾತ್ರ. ವರ್ಷ ವರ್ಷವೂ ಕೊಳಗದ ತಳವನ್ನು ಮೇಲಕ್ಕೆತ್ತುತ್ತ, ಕೊಳಗಗಳ ಸಂಖ್ಯೆಯನ್ನು ಮಾತ್ರ ನಿಯತವಾಗಿ ಎಣಿಸಿಕೊಡುವ ವರ್ತಕನನ್ನು ಯಾವ ಸಂತೆಯೂ ಪ್ರಾಮಾಣಿಕನೆನ್ನದು. ಮತ್ತೊಂದು ವೈಚಿತ್ರ್ಯ ನೋಡಿ: ಪಿಂಚಣಿದಾರನು ತಾನು ಇನ್ನೂ ಜೀವಂತನಾಗಿದ್ದೇನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಸಲ್ಲಿಸಬೇಕು, ಅವನಿಗೆ ಸಲ್ಲುವ ಹಣಕ್ಕೆ ಜೀವವಿದೆಯೆ ಎಂದು ಯಾರೂ ಪ್ರಮಾಣ ಮಾಡಬೇಕಾಗಿಲ್ಲ.

ವೇದಾಂತದ ಹೆಸರಿನಲ್ಲಿ ಇದಕ್ಕೊಂದು ಸಮಾಧಾನವನ್ನು ಹೇಳುವುದುಂಟು. ಗೀತೆ ಹೇಳಿದಂತೆ ಕರ್ಮವನ್ನು ಮಾಡಬೇಕು, ಫಲವನ್ನು ಬಯಸಬಾರದು. ಕಾಯಕವೇ ಕೈಲಾಸವಾದ ಮೇಲೆ ಕೈಲಾಸಕ್ಕೆ ಪಿಂಚಣಿಯೇಕೆ ಎಂದು ನಗುವವರೂ ಇದ್ದಾರೆ. ಈ ವಾದದ ದೋಷ ಅದರ ಮುಖ ಯಾವ ಕಡೆಗಿದೆ ಎಂಬುದರಲ್ಲಿದೆ. ಫಲಾಪೇಕ್ಷೆಯನ್ನು ತೊರೆಯೆಂಬುದು ದುಡಿಯುವವನು ತನಗೆ ತಾನೇ ಹೇಳಿಕೊಳ್ಳತಕ್ಕ ಮಾತು. ದುಡಿಸಿಕೊಂಡವನು ಅವನಿಗೆ ಹೇಳತಕ್ಕ ಮಾತಲ್ಲ. ದುಡಿಸಿಕೊಂಡವನಿಗೆ ಅದೇ ಗೀತೆಯ ಮೂರನೆಯ ಅಧ್ಯಾಯದಲ್ಲಿ ಬೇರೆ ಮಾತಿದೆ: ಪಡೆದುದಕ್ಕೆ ಪ್ರತಿಯಾಗಿ ಕೊಡದೆ ಉಣ್ಣುವವನನ್ನು ಅಲ್ಲಿ ಕಳ್ಳನೆಂದು ಕರೆದಿದೆ. ಶರಣರಲ್ಲಿಯೂ ಹೀಗೆಯೇ. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ನಿತ್ಯದ ಅಳತೆಯನ್ನು ಮೀರಿ ತಂದ ಅಕ್ಕಿಯನ್ನು ಒಲ್ಲೆನೆಂದು ಹಿಂದಿರುಗಿಸಿದ ಕಥೆ ಎಲ್ಲರಿಗೂ ಗೊತ್ತು. ಹೆಚ್ಚನ್ನು ಬೇಡವೆಂದದ್ದು ಅಕ್ಕಿ ಆಯುತ್ತಿದ್ದ ಮನೆಯವಳು. ಆ ಮಾತನ್ನು ಅರಮನೆಯ ಕಣಜದವನು ಆಡಿದ್ದರೆ ಅದು ವಚನವಾಗುತ್ತಿರಲಿಲ್ಲ, ಉಗ್ರಾಣದ ಸುತ್ತೋಲೆಯಾಗುತ್ತಿತ್ತು.

ಇನ್ನು, ಬಿಳೇಕಹಳ್ಳಿಯ ನನಗೂ ಸಿಂಗರೇಣಿಯ ಗಣಿಯವನಿಗೂ ಏನು ಸಂಬಂಧ? ಎರೆಯಪ್ಪನು ನಾಗತ್ತರನನ್ನು ಬಲ್ಲ; ನಾನು ಗಣಿಯವನ ಹೆಸರನ್ನೂ ಅರಿಯೆ. ಈ ಆಕ್ಷೇಪ ಸಣ್ಣದಲ್ಲ, ಏತಕ್ಕೆಂದರೆ ಈ ಕಾಲದ ನಮ್ಮ ಬಹುತೇಕ ಋಣಗಳು ಇಂತಹವೇ. ಆದರೆ ಪಿತೃಋಣವನ್ನು ನಂಬುವವನು ಅರಿವು ಋಣಕ್ಕೆ ಅವಶ್ಯವೆಂದು ವಾದಿಸಲಾರ. ಮೂರು ತಲೆಗಳಾಚೆಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಸರು ಕುಲ ತಿಳಿಯದೆ ಗತಿಸಿದವರಿಗೂ ತರ್ಪಣದಲ್ಲಿ ಒಂದು ಬೊಗಸೆ ನೀರಿದೆ. ಸತ್ತ ಅಜ್ಞಾತರಿಗೆ ನೀರೆರೆಯುವವನು ಬದುಕಿರುವ ಅಜ್ಞಾತನ ಸಾಲವನ್ನು ಅಲ್ಲಗಳೆದರೆ ಅದು ಧರ್ಮವೆಂದು ನನಗೆ ಕಾಣದು.

ಗಣಕರ ಕಡೆಯಿಂದ ಬರುವ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಿಧಿಯಲ್ಲಿ ಹಣವಿಲ್ಲ, ಪಡೆಯುವವರು ಹೆಚ್ಚಿದರು, ತುಂಬುವವರು ಕಡಮೆಯಾದರು, ಇಲ್ಲದ ಹಣವನ್ನು ಹಂಚುವುದು ಹೇಗೆ? ತುಂಬುವವರು ಕಡಮೆಯಾದರೆಂಬುದು ನಿಜ. 1975ರಲ್ಲಿ ಕೋಲ್ ಇಂಡಿಯಾ ಹುಟ್ಟಿದಾಗ ಆರೂವರೆ ಲಕ್ಷಕ್ಕೂ ಮೀರಿದ ಕಾರ್ಮಿಕರು ವರ್ಷಕ್ಕೆ 7.9 ಕೋಟಿ ಟನ್ ಇದ್ದಲನ್ನು ತೆಗೆಯುತ್ತಿದ್ದರು. 2023-24ರಲ್ಲಿ ಎರಡೂವರೆ ಲಕ್ಷಕ್ಕೂ ಕಡಮೆ ಜನರು 77 ಕೋಟಿ ಟನ್ನುಗಳನ್ನು ಮೀರಿ ತೆಗೆದರು. ತಲೆಗಳು ಕುಗ್ಗಿದವು, ಇದ್ದಲು ಹತ್ತರಷ್ಟಾಯಿತು. ಹಾಗಿರುವಾಗ ಹಳಬರ ಪಿಂಚಣಿಯನ್ನು ಹೊಸಬರ ತಲೆಗಳ ಮೇಲೆ ಎಣಿಸಿದುದೇ ಮೊದಲ ತಪ್ಪು. ಋಣವು ನಡೆದದ್ದು ಇದ್ದಲಿನೊಡನೆ. ಗಣಿಯಿಂದ ಗಾಡಿಗೆ, ಗಾಡಿಯಿಂದ ಕುಲುಮೆಗೆ, ಅಲ್ಲಿಂದ ತಂತಿಯ ಮೂಲಕ ನನ್ನ ಮನೆಗೆ ಬಂದದ್ದು ಅದೇ. ಎಣಿಸತಕ್ಕದ್ದು ಟನ್ನುಗಳನ್ನು. ಇದನ್ನು ಕೆಲಮಟ್ಟಿಗೆ ಒಪ್ಪಿಕೊಂಡಂತೆ, ಕೆಲವು ವರ್ಷಗಳ ಹಿಂದೆ ಸರ್ಕಾರಿ ಕಲ್ಲಿದ್ದಲು ಸಂಸ್ಥೆಗಳು ಟನ್ನೊಂದಕ್ಕೆ 10 ರೂಪಾಯಿಯನ್ನು ಪಿಂಚಣಿ ನಿಧಿಗೆ ಕೊಡಲು ಮುಂದಾದವು.

ಅಂದಿನ ಆ ಹತ್ತು ರೂಪಾಯಿ ಎಷ್ಟಾಯಿತೆಂದು ನಮ್ಮ ಬಿಲ್ಲಿನ ಭಾಷೆಯಲ್ಲಿ ಅಳೆಯೋಣ. ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಮುಕ್ಕಾಲು ಕಿಲೋಗ್ರಾಮಿನಷ್ಟು ಇದ್ದಲು ಬೇಕೆನ್ನಬಹುದು. ಟನ್ನಿಗೆ ಹತ್ತು ರೂಪಾಯಿಯೆಂದರೆ ಕಿಲೋಗ್ರಾಮಿಗೆ ಒಂದು ಪೈಸೆ. ಆದುದರಿಂದ ಯೂನಿಟ್ಟಿಗೆ ಮುಕ್ಕಾಲು ಪೈಸೆ. ಕಂಬ ಹತ್ತಿದವನ ಪಿಂಚಣಿಗೆ ಮೂವತ್ತಾರು ಪೈಸೆ, ಸುರಂಗಕ್ಕೆ ಇಳಿದವನ ಪಿಂಚಣಿಗೆ ಮುಕ್ಕಾಲು. ಈ ಎರಡು ಅಂಕಿಗಳು ಸರಿಸಮಾನವಾಗಿ ತೂಗತಕ್ಕವಲ್ಲ. ಮೊದಲನೆಯದರಲ್ಲಿ ಸರ್ಕಾರದ ಹಳೆಯ ಹೊಣೆ ಸೇರಿದೆ, ಎರಡನೆಯದು ನಿಧಿಯ ಇತರ ವಂತಿಗೆಗಳ ಮೇಲೆ ಬರತಕ್ಕದ್ದು. ಆದರೂ ಹತ್ತನ್ನು ನೂರು ಮಾಡಿದರೂ ಯೂನಿಟ್ಟಿಗೆ ಏಳೂವರೆ ಪೈಸೆಯನ್ನು ದಾಟದೆಂದ ಮೇಲೆ, ಹಣವಿಲ್ಲವೆಂಬ ಮಾತನ್ನು ಹಾಗೆಯೇ ಒಪ್ಪಲಾಗದು.

ಇಷ್ಟು ಹೇಳಿ, ಬಳಕೆದಾರನ ಗೊಣಗಾಟಕ್ಕೂ ನ್ಯಾಯ ಸಲ್ಲಿಸಬೇಕು. ಅವನ ಸಿಟ್ಟಿನ ಬೇರು ಪೈಸೆಯಲ್ಲಿಲ್ಲ, ಅಪನಂಬಿಕೆಯಲ್ಲಿದೆ. 2016ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದು ನಿಂತದ್ದನ್ನು ಈ ಕಡೆಯವರು ಮರೆತಿಲ್ಲ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58ನೆಯ ವಯಸ್ಸಿನವರೆಗೆ ಮುಟ್ಟಕೂಡದೆಂಬ ಹೊಸ ನಿಯಮ ಬಂದಿತ್ತು. ಮುಪ್ಪಿಗೆ ಹಣ ಉಳಿಯಲೆಂಬ ಆ ನಿಯಮದ ಉದ್ದೇಶವನ್ನು ಪುಸ್ತಕದಲ್ಲಿ ಓದಿದರೆ ಒಳ್ಳೆಯದೆಂದೇ ತೋರುತ್ತದೆ. ಆದರೆ ಕೈಯಲ್ಲಿರುವ ಕೆಲಸವೇ ನಾಳೆಗೆ ನಿಶ್ಚಯವಿಲ್ಲದವಳಿಗೆ, ದೂರದ ಕಚೇರಿಯೊಂದು ತನ್ನ ಹಣವನ್ನು ಇಪ್ಪತ್ತು ಮೂವತ್ತು ವರ್ಷ ಇಟ್ಟುಕೊಂಡು ಆಮೇಲೆ ಕೊಡುತ್ತದೆಂಬ ಭರವಸೆ ಎಲ್ಲಿಂದ ಬರಬೇಕು? ಏಪ್ರಿಲ್ 19ರಂದು ಕೇಂದ್ರ ಸರ್ಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ಬಿಲ್ಲು ಕಟ್ಟುವವನ ಅಪನಂಬಿಕೆಯೂ ಅಂತಹದೇ.

ಆದುದರಿಂದ ಟನ್ನಿಗೆ ಇಷ್ಟೆಂದು ಹೆಚ್ಚಿಸಿ, ಅದು ಕಡೆಗೆ ನನ್ನ ಬಿಲ್ಲಿಗೇ ಬಂದು ಸೇರುವುದಾದರೆ ನಾನು ಕೊಡಲು ಸಿದ್ಧನಿದ್ದೇನೆ. ಆದರೆ ನಾನು ಕೊಟ್ಟೆನೆಂಬ ನೆಪದಿಂದ ಗಣಿಯ ಸಂಸ್ಥೆ ತನ್ನ ಪಾಲಿನಿಂದ ಜಾರಿಕೊಳ್ಳಕೂಡದು, ಕೇಂದ್ರ ಸರ್ಕಾರವೂ ಜಾರಿಕೊಳ್ಳಕೂಡದು. ಸಾಲ ತೀರಿಸುವವನಿಗೆ ರಶೀದಿ ಕೇಳುವ ಅಧಿಕಾರವುಂಟು. ವರ್ಷಕ್ಕೊಮ್ಮೆ ಎಷ್ಟು ಟನ್ನಿಗೆ ಎಷ್ಟು ಹಣ ಧನಬಾದಿನ ನಿಧಿಗೆ ಸೇರಿತು, ಅದರಿಂದ 1998ರ ಕಾಲದ ಪಿಂಚಣಿ ಎಷ್ಟು ಏರಿತು ಎಂಬ ಎರಡು ಸಾಲುಗಳು ಆ ಬಿಲ್ಲಿನ ಬೆನ್ನಿನ ಮೇಲೆ ಅಚ್ಚಾಗಿ ಬರಲಿ. ಜಾಹೀರಾತಿಗೆ ಅಲ್ಲಿ ಜಾಗವಿದೆ, ಇದಕ್ಕೂ ಇರಬೇಕು.