ಪಸೆ ಇರುವಷ್ಟು ದಿನ

ಬಂಟ್ವಾಳದಿಂದ ಮೂಡುಬಿದಿರೆಯವರೆಗಿನ ಬೈಲುಗಳಲ್ಲಿ ಒಂದೆಲಗವನ್ನು ಯಾರೂ ನೆಟ್ಟು ಬೆಳೆಸಿದವರಲ್ಲ. ತುಳುವರು ತಿಮರೆಯೆನ್ನುವ ಈ ಮೂಲಿಕೆ ಗದ್ದೆಯ ಹುಣಿಯಲ್ಲಿ, ಬಾವಿಕಟ್ಟೆಯ ಬುಡದಲ್ಲಿ, ಬಚ್ಚಲ ನೀರು ತೆಂಗಿನ ಕಟ್ಟೆಗೆ ಸೇರುವ ದಾರಿಯಲ್ಲಿ ತಾನಾಗಿ ಹಬ್ಬುತ್ತಿತ್ತು. ಭತ್ತಕ್ಕೆಂದು ನಿಲ್ಲಿಸಿದ ನೀರಿನಲ್ಲಿ ಅದಕ್ಕೂ ಒಂದು ಪಾಲು ಸಲ್ಲುತ್ತಿತ್ತು. ಚರಕಸಂಹಿತೆ ಮೇಧ್ಯ ರಸಾಯನಗಳನ್ನು ಹೇಳುವಾಗ ಮಂಡೂಕಪರ್ಣಿಯೆಂದು ಕರೆಯುವ ಇದರ ಸ್ವರಸವನ್ನೇ ಮೊದಲು ಹೆಸರಿಸುತ್ತದೆ. ಆದರೆ ನಮ್ಮ ಅಡುಗೆಮನೆಗೆ ಅದು ಶಾಸ್ತ್ರದ ದಾರಿಯಿಂದ ಬಂದದ್ದಲ್ಲ. ಅನ್ನಕ್ಕೆ ಕಲಸಿಕೊಳ್ಳಲು ಏನೂ ಇಲ್ಲದ ದಿನ ಒಂದು ಹಿಡಿ ಎಲೆ ಕೊಯ್ದು, ಜೀರಿಗೆ, ಕರಿಮೆಣಸು, ಕಾಯಿತುರಿಯೊಡನೆ ಅರೆದು ಮಜ್ಜಿಗೆಗೆ ಕದಡಿದರೆ ತಂಬುಳಿಯಾಯಿತು.

ಬೈಲುಗದ್ದೆಗಳು ಕೆಲವು ಅಡಿಕೆ ತೋಟಗಳಾದವು, ಕೆಲವು ಹಡೀಲು ಬಿದ್ದವು. ಉಳಿದ ಹುಣಿಗಳಿಗೂ ಕಳೆನಾಶಕ ತಲುಪಿತು. ಮಳೆ ನಿಂತೊಡನೆ ಊರವರೆಲ್ಲ ಸೇರಿ ತೋಡಿಗೆ ಕಟ್ಟ ಹಾಕುವ ಪದ್ಧತಿ ಘಟ್ಟದ ಬುಡದ ಬೆಳ್ತಂಗಡಿಯಲ್ಲೂ ವಿರಳವಾಯಿತು. ಯಾರೂ ತಿಮರೆಯನ್ನು ಕಿತ್ತೆಸೆಯಲಿಲ್ಲ. ಅದರ ಕಾಲಡಿಯ ಪಸೆ ಮಾತ್ರ ಆರುತ್ತ ಹೋಯಿತು. ನಾವು ಆರೈಕೆ ಎಂದು ಕರೆಯುವುದು ಹಲವು ಸಲ ಹೀಗೆ, ಒಂದು ಜೀವ ತನ್ನ ನೆಲೆಯನ್ನು ಕಳೆದುಕೊಂಡ ಮೇಲೆ ಆರಂಭವಾಗುತ್ತದೆಯೇನೋ.

ಈಗ ಅದು ಅಂಗಳದ ಕುಂಡದಲ್ಲಿದೆ. ಹಂಬಿನ ಗಂಟುಗಂಟಿನಲ್ಲೂ ಬೇರಿಳಿಯುವ ಗಿಡವಾದ್ದರಿಂದ ಬೇರಿರುವ ಒಂದು ಗಂಟನ್ನು ಊರಿದರೂ ಸಾಕು. ಅರೆನೆರಳು, ಒಂದಿಷ್ಟು ಹುಡಿಗೊಬ್ಬರ, ಎಂದೂ ಆರದ ಮಣ್ಣು, ಇಷ್ಟೇ ಅದರ ಬೇಡಿಕೆ. ಬುಡ ಅಲುಗದಂತೆ ತೊಟ್ಟು ಚಿವುಟಿದರೆ ಮತ್ತೆ ಚಿಗುರುತ್ತದೆ. ಕೊತ್ತಂಬರಿಯ ಕುಲಕ್ಕೇ ಸೇರಿದ್ದರೂ ಇದು ಹೂವನ್ನು ಮೇಲೆತ್ತಿ ತೋರುವುದಿಲ್ಲ. ಮೊಣಕಾಲೂರಿ ಎಲೆ ಸರಿಸಿದರೆ ನೆಲಕ್ಕಂಟಿದಂತೆ ನಸುಗೆಂಪಿನ ಕಿರುಹೂಗಳು ಕಾಣುತ್ತವೆ. ಆಟಿಯ ಮಳೆಗೆ ಹಂಬು ಕುಂಡದ ಅಂಚು ದಾಟಿ ಇಳಿಯುತ್ತದೆ. ಬೇಸಗೆಯಲ್ಲಿ ಬೆಳಗು ಸಂಜೆ ನೀರುಣಿಸಿದರೂ ಎಲೆ ಕಿರಿದಾಗಿ, ತೊಟ್ಟು ಗಿಡ್ಡವಾಗಿ, ಕಹಿ ತುಸು ಹೆಚ್ಚುತ್ತದೆ.

ಮನೆಮಂದಿಯ ತಂಬುಳಿಗೆ ಕುಂಡದ ಎಲೆ ಸಾಲುತ್ತದೆ. ಆದರೆ ಹುಣಿಯ ತಿಮರೆಗೆ ಒಡೆಯರಿರಲಿಲ್ಲ. ಶಾಲೆಯಿಂದ ಬರುವ ಮಕ್ಕಳು, ಹುಲ್ಲು ಹೆರೆಯಲು ಬಂದ ಹೆಂಗಸರು, ಬಾಣಂತಿಯಿರುವ ಮನೆಯವರು, ಯಾರನ್ನೂ ಕೇಳದೆ ಕೊಯ್ದುಕೊಂಡು ಹೋಗುತ್ತಿದ್ದರು. ಈಗ ನೆರೆಮನೆಯಾಕೆ ಬೇಲಿಯಾಚೆ ನಿಂತು, "ಅಕ್ಕಾ, ನಾಲ್ಕು ಎಲೆ ತೆಗೆದುಕೊಳ್ಳಲೇ?" ಎಂದು ಸಂಕೋಚದಿಂದ ಕೇಳುತ್ತಾಳೆ.