ಅರ್ಥವಾಗಲಿಲ್ಲ ಎನ್ನುವ ಧೈರ್ಯ

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಫಿಲ್ಮ್ ಸೊಸೈಟಿಯೊಂದರಲ್ಲಿ ಒಂದು ಹಳೆಯ ಫ್ರೆಂಚ್ ಚಿತ್ರ ತೋರಿಸಿದರು. ‘ಕಳೆದ ವರ್ಷ ಮಾರಿಯೆನ್‌ಬಾದ್‌ನಲ್ಲಿ’ ಎಂದು ಅದರ ಹೆಸರು. ಅರ್ಧ ಗಂಟೆಯೊಳಗೆ ಏಳೆಂಟು ಮಂದಿ ಎದ್ದು ಹೋದರು. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಚಿತ್ರ ಮುಗಿದು ದೀಪ ಹತ್ತಿದಾಗ ಬಾಗಿಲ ಬಳಿ ಎರಡು ಪಂಗಡ ಏರ್ಪಟ್ಟಿತ್ತು. “ಮಹಾಕೃತಿ” ಎಂದಿತು ಒಂದು. “ಸಮಯವೂ ದಂಡ, ದುಡ್ಡೂ ದಂಡ” ಎಂದಿತು ಇನ್ನೊಂದು. ಜೊತೆಗೆ ಬಂದಿದ್ದ ನನ್ನ ಗೆಳೆಯರು ಮೊದಲನೆಯ ಪಂಗಡದವರು. ಲೋಕಲ್ ಗಾಡಿಯಲ್ಲಿ ಕೂತ ಮೇಲೂ ಅವರ ವ್ಯಾಖ್ಯಾನ ನಿಲ್ಲಲಿಲ್ಲ. ಅಷ್ಟು ಹೊತ್ತೂ ಸುಮ್ಮನಿದ್ದ ಅವರ ಶ್ರೀಮತಿಯವರು ಕೊನೆಗೆ ಹೇಳಿದರು: “ನನಗಂತೂ ಕಥೆ ತಿಳಿಯಲಿಲ್ಲ. ಆದರೆ ಆ ಹೆಂಗಸು ‘ನನ್ನನ್ನು ಬಿಟ್ಟುಬಿಡಿ’ ಅಂತ ಎಷ್ಟು ಸಲ ಬೇಡಿಕೊಂಡಳು! ನೀವು ಇಷ್ಟು ಜನ ಇಷ್ಟು ಮಾತಾಡಿದಿರಿ, ಅದನ್ನು ಮಾತ್ರ ಯಾರೂ ಹೇಳಲಿಲ್ಲವಲ್ಲ?”

ಗೆಳೆಯರು ಕಿಟಕಿಯ ಹೊರಗೆ ನೋಡತೊಡಗಿದರು. ಆ ಪ್ರಶ್ನೆ ಮಾತ್ರ ನನ್ನನ್ನು ಈವರೆಗೂ ಬಿಟ್ಟಿಲ್ಲ.

ಚಿತ್ರವನ್ನು ನೋಡದವರಿಗಾಗಿ ಎರಡು ಮಾತು. 1961ರಲ್ಲಿ ತೆರೆಕಂಡ ಇದನ್ನು ನಿರ್ದೇಶಿಸಿದವರು ಅಲೆನ್ ರೆನೆ. ಬರೆದವರು ಕಾದಂಬರಿಕಾರ ಅಲೆನ್ ರಾಬ್-ಗ್ರಿಯೆ. ಅರಮನೆಯಂಥ ಒಂದು ಹೋಟೆಲು. ಹೆಸರಿಲ್ಲದ ಒಬ್ಬ ಗಂಡಸು ಹೆಸರಿಲ್ಲದ ಒಬ್ಬ ಹೆಂಗಸಿಗೆ ಹೇಳುತ್ತಾನೆ: ಕಳೆದ ವರ್ಷ ನಾವು ಭೇಟಿಯಾಗಿದ್ದೆವು, ಒಂದು ವರ್ಷ ಬಿಟ್ಟು ನನ್ನೊಡನೆ ಬರುತ್ತೇನೆಂದು ನೀವು ಮಾತು ಕೊಟ್ಟಿದ್ದಿರಿ. ಅವಳಿಗೆ ಅದು ನೆನಪಿಲ್ಲ. ಅವನು ಮತ್ತೆ ಹೇಳುತ್ತಾನೆ, ಮತ್ತೆ ಹೇಳುತ್ತಾನೆ. ಅವಳ ಗಂಡನೋ ಮತ್ತೊಬ್ಬನೋ ತಿಳಿಯದ ಮೂರನೆಯವನೊಬ್ಬ ಅಲ್ಲಿ ಸುಳಿಯುತ್ತಿರುತ್ತಾನೆ. ಹಿಂದಿನದು ಯಾವುದು, ಇಂದಿನದು ಯಾವುದು, ಊಹೆ ಯಾವುದು ಎಂದು ಬೇರ್ಪಡಿಸುವಂತಿಲ್ಲ. ತೋಟದ ಒಂದು ದೃಶ್ಯದಲ್ಲಿ ಮನುಷ್ಯರಿಗೆ ಉದ್ದುದ್ದ ನೆರಳಿದೆ; ಗಿಡಗಳಿಗೆ ನೆರಳೇ ಇಲ್ಲ!

ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಬಂತು. 1978ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಸರ್ವಕಾಲದ ಐವತ್ತು ಅತಿ ಕೆಟ್ಟ ಚಿತ್ರಗಳು’ ಎಂಬ ಪುಸ್ತಕದಲ್ಲಿಯೂ ಇದಕ್ಕೆ ಸ್ಥಾನ ಸಿಕ್ಕಿತು. ನಮ್ಮ ಬಾಗಿಲ ಬಳಿಯ ಜಗಳ ಹೊಸದೇನಲ್ಲ.

ಚಿತ್ರದಲ್ಲಿ ಕಡ್ಡಿಗಳ ಒಂದು ಆಟ ಬರುತ್ತದೆ. ಒಂದು, ಮೂರು, ಐದು, ಏಳು ಹೀಗೆ ನಾಲ್ಕು ಸಾಲು. ಒಂದು ಸಲಕ್ಕೆ ಒಂದೇ ಸಾಲಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಕೊನೆಯ ಕಡ್ಡಿ ಯಾರ ಪಾಲಿಗೆ ಬಂತೋ ಅವರು ಸೋತಂತೆ. ಆ ಮೂರನೆಯವನು ಪ್ರತಿ ಸಲವೂ ಗೆಲ್ಲುತ್ತಾನೆ. ಇದರಲ್ಲಿ ಮಾಯೆಯೇನೂ ಇಲ್ಲ, ಲೆಕ್ಕವಿದೆ. ಲೆಕ್ಕ ಬಲ್ಲವನು ಎರಡನೆಯವನಾಗಿ ಆಡಿದರೆ ಅವನನ್ನು ಸೋಲಿಸಲು ಸಾಧ್ಯವೇ ಇಲ್ಲ. ನನಗೆ ತೋರುವ ಮಟ್ಟಿಗೆ ನಮ್ಮ ಎರಡು ಪಂಗಡಗಳ ತಪ್ಪೂ ಇಲ್ಲಿಯೇ ಇದೆ. ಇಬ್ಬರೂ ಇಡೀ ಚಿತ್ರವನ್ನು ಕಡ್ಡಿಯಾಟವೆಂದು ತಿಳಿದರು. ಗುಟ್ಟು ನನಗೆ ಗೊತ್ತು ಎಂದರು ಒಬ್ಬರು. ಗುಟ್ಟೇ ಇಲ್ಲ, ಮೋಸ ಎಂದರು ಇನ್ನೊಬ್ಬರು. ಅಲ್ಲಮನ ಬೆಡಗಿನ ವಚನಗಳಿಗೆ ನಮ್ಮ ಹಿರಿಯರು ಟೀಕೆ ಬರೆದು ಒಗಟನ್ನು ಬಿಡಿಸಿದ್ದಾರೆ. ಅಲ್ಲಿ ಬೀಗವೂ ಉಂಟು, ಕೀಲಿಕೈಯೂ ಉಂಟು. ಇಲ್ಲಿ ಹಾಗಲ್ಲ. ಕಳೆದ ವರ್ಷ ಆ ಭೇಟಿ ನಡೆದಿತ್ತೇ ಎಂದು ಕೇಳಿದರೆ ನಿರ್ದೇಶಕರೂ ಲೇಖಕರೂ ಒಂದೇ ಉತ್ತರ ಕೊಡಲಿಲ್ಲ. ಮಾಡಿದವರೇ ಒಪ್ಪದ ಅರ್ಥವನ್ನು ನೋಡುವವರು ಒಪ್ಪುವುದೆಂತು?

ಹಾಗಾದರೆ ಬಾಯಿಗೆ ಬಂದದ್ದು ಹೇಳಬಹುದೇ? ಇಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುವುದು. ಮೆಚ್ಚಲಿಲ್ಲ ಎನ್ನುವುದು ಪಾಪವಲ್ಲ. ನಡುವೆ ಎದ್ದು ಹೋದವರು ಪ್ರಾಮಾಣಿಕರು. ಆದರೆ “ನನಗೆ ಕಾಣಲಿಲ್ಲ, ಆದ್ದರಿಂದ ಅಲ್ಲಿ ಏನೂ ಇಲ್ಲ” ಎನ್ನುವುದು ಅಹಂಕಾರ. “ನನಗೆ ಕಾಣಲಿಲ್ಲ, ಆದರೂ ಕಂಡಿತೆನ್ನುತ್ತೇನೆ” ಎನ್ನುವುದು ಅದಕ್ಕಿಂತ ದೊಡ್ಡ ದೋಷ, ಏಕೆಂದರೆ ಅಲ್ಲಿ ಮೊದಲು ಮೋಸಹೋಗುವವರು ನಾವೇ.

1929ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಬುನ್ಯುಯೆಲ್ ತಾನೂ ಚಿತ್ರಕಾರ ದಾಲಿಯೂ ಸೇರಿ ಮಾಡಿದ ‘ಆಂದಲೂಸಿಯದ ನಾಯಿ’ ಎಂಬ ಕಿರುಚಿತ್ರವನ್ನು ತೋರಿಸಿದ. ತರ್ಕಕ್ಕೆ ಸಿಗುವ ಯಾವುದೂ ಅದರಲ್ಲಿ ಇರಕೂಡದೆಂಬುದು ಇಬ್ಬರೂ ಮಾಡಿಕೊಂಡ ಕಟ್ಟಳೆ. ಜನ ರೇಗಿ ಮೇಲೆ ಬಿದ್ದರೆ ಎಸೆಯಲಿಕ್ಕೆಂದು ಅವನು ಜೇಬಿನಲ್ಲಿ ಕಲ್ಲು ತುಂಬಿಕೊಂಡು ತೆರೆಯ ಹಿಂದೆ ನಿಂತಿದ್ದನಂತೆ. ಜನ ಚಪ್ಪಾಳೆ ತಟ್ಟಿದರು! ಕಲ್ಲುಗಳು ಹಾಗೆಯೇ ಉಳಿದವು. ಕೆರಳಿಸಲೆಂದು ಮಾಡಿದ್ದನ್ನು ಜನ ಚೆಂದವೆಂದು ಕೊಂಡಾಡಿದ್ದು ಆಮೇಲೆ ಅವನಿಗೇ ಸಹಿಸದಾಯಿತು. ಬೈಗಳಲ್ಲಾದರೂ ಒಂದು ನಿಜವಿರುತ್ತದೆ; ಫ್ಯಾಷನ್ನಿನ ಚಪ್ಪಾಳೆಯಲ್ಲಿ ಅದೂ ಇಲ್ಲ.

ಅರ್ಥವಾಗದಂತೆ ಮಾಡುವುದೇ ಕಲೆ ಎಂದು ನನ್ನ ವಾದವಲ್ಲ. ಒಳಗೆ ಟೊಳ್ಳಿದ್ದು ಮೇಲೆ ಮಂಜು ಮುಸುಕಿಸಿದ ಚಿತ್ರಗಳೂ ಬೇಕಾದಷ್ಟಿವೆ. “ಇದರಲ್ಲಿ ಏನಿದೆ?” ಎಂದು ಕೇಳುವ ಹಕ್ಕು ನೋಡುವವರಿಗೆ ಇದ್ದೇ ಇದೆ. ಆದರೆ ಉತ್ತರವನ್ನು ಪಂಡಿತರ ಬಾಯಲ್ಲಿ ಹುಡುಕುವ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದೇನು, ಕಿವಿಗೆ ಕೇಳಿದ್ದೇನು ಎಂದು ವಿಚಾರಿಸಿಕೊಳ್ಳಬೇಕು. ಗೆಳೆಯರ ಶ್ರೀಮತಿಯವರು ಮಾಡಿದ್ದು ಅಷ್ಟೇ. ಕಥೆ ತಿಳಿಯಲಿಲ್ಲವೆಂದು ಒಪ್ಪಿಕೊಂಡದ್ದರಿಂದಲೇ ಅವರಿಗೆ ಆ ಬೇಡಿಕೆ ಕೇಳಿಸಿತು. ರಾಬ್-ಗ್ರಿಯೆ ಬರೆದ ಚಿತ್ರಕಥೆಯಲ್ಲಿ ಗಂಡಸು ಅವಳ ಮೇಲೆ ಬಲಾತ್ಕಾರ ಮಾಡುವ ದೃಶ್ಯವಿತ್ತೆಂದೂ ರೆನೆ ಅದನ್ನು ಚಿತ್ರಿಸಲಿಲ್ಲವೆಂದೂ ನಾನು ಆಮೇಲೆ ಓದಿದೆ. ಆ ತಾಯಿ ಅದನ್ನೆಲ್ಲ ಓದಿದವರಲ್ಲ. ಕಾಲದ ಸ್ವರೂಪ, ಸ್ಮೃತಿಯ ಸ್ವರೂಪ ಎಂದು ನಾವು ಚರ್ಚಿಸುತ್ತಿದ್ದಾಗ, ಒಬ್ಬಳ ‘ಬೇಡ’ ಎಂಬ ಮಾತನ್ನು ಮತ್ತೊಬ್ಬ ಸವೆಸುತ್ತಿರುವುದು ಅವರ ಕಣ್ಣಿಗೆ ಬಿದ್ದಿತ್ತು.

ಪಂಚತಂತ್ರದ ಕಥೆ ಎಲ್ಲರಿಗೂ ಗೊತ್ತು. ಬ್ರಾಹ್ಮಣ ಆಡನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದಾನೆ. ದಾರಿಯಲ್ಲಿ ಮೂವರು ಠಕ್ಕರು, ಒಬ್ಬರಾದ ಮೇಲೆ ಒಬ್ಬರು, ಅದು ಆಡಲ್ಲವೆಂದು ಹೇಳುತ್ತಾರೆ. ಕೊನೆಗೆ ಅವನು ಅದನ್ನು ಎಸೆದು ಓಡುತ್ತಾನೆ. ಚಿತ್ರದ ಗಂಡಸು ಆ ಹೆಂಗಸಿಗೆ ಮಾಡಿದ್ದೂ ಇದೇ ಇರಬಹುದು. ಇಲ್ಲವೇ ಅವಳು ಮರೆತ ನಿಜವನ್ನು ಅವನು ನೆನಪಿಸಿರಲೂಬಹುದು. ಕೊನೆಯಲ್ಲಿ ಅವಳು ಅವನೊಡನೆ ಹೊರಟುಹೋಗುತ್ತಾಳೆ. ಬಿಡುಗಡೆಯೋ ಸೋಲೋ ಚಿತ್ರ ಹೇಳುವುದಿಲ್ಲ. ಆ ಅನಿಶ್ಚಯ ನಮ್ಮನ್ನು ಕಾಡಬೇಕು. ನಾವೂ ಎಷ್ಟೋ ಸಲ ಮನೆಯಲ್ಲಿ ಹೆಂಡತಿಗೆ, ಮಕ್ಕಳಿಗೆ “ಹೋದ ವರ್ಷ ನೀನೇ ಹೂಂ ಅಂದಿದ್ದೆ” ಎಂದು ಹತ್ತು ಸಲ ಹೇಳಿ ಹೂಂ ಅನ್ನಿಸಿದವರಲ್ಲವೇ?

ವಿಮರ್ಶಕರು, ಪ್ರಶಸ್ತಿಗಳು, ಗೆಳೆಯರು ನೋಡುವವನ ಮೇಲೆ ಒತ್ತಡ ಹಾಕುವುದೂ ಹೀಗೆಯೇ. “ಅದ್ಭುತ” ಎಂದು ಮೂವರು ಹೇಳಿದರೆ ನಾವೂ ಅದ್ಭುತ ಎನ್ನುತ್ತೇವೆ. “ಹುಚ್ಚಾಟ” ಎಂದು ಮೂವರು ನಕ್ಕರೆ ನಾವೂ ನಗುತ್ತೇವೆ. ಹೆಗಲ ಮೇಲಿನ ಆಡಿನ ಬಿಸಿ ನಮ್ಮ ಮೈಗೇ ತಾಗುತ್ತಿರುತ್ತದೆ, ಆದರೂ ಇಳಿಸಿಬಿಡುತ್ತೇವೆ. ತಿಳಿಯದ್ದನ್ನು ತಿಳಿಯಲಿಲ್ಲವೆಂದು ಹೇಳಿ, ಕಂಡಷ್ಟನ್ನು ಬಿಡದೆ ಹಿಡಿದುಕೊಳ್ಳುವುದು ಸಿನಿಮಾ ನೋಡುವುದಕ್ಕಷ್ಟೇ ಬೇಕಾದ ಗುಣವಲ್ಲ. ಅಂದು ಗಾಡಿಯಲ್ಲಿ ಅದು ನಮ್ಮ ಪೈಕಿ ಒಬ್ಬರಿಗೆ ಮಾತ್ರ ಇತ್ತು.