ಹಿಟ್ಟು ಉಬ್ಬುವಷ್ಟು ಹೊತ್ತು

ಶನಿವಾರ ಮಧ್ಯಾಹ್ನ ಈಜಿನ ತರಗತಿ ಮುಗಿಸಿ ಕನ್ನಡ ಶಾಲೆಗೆ ಓಡುವಾಗ ನಮ್ಮ ಊಟ ಎಷ್ಟೋ ಸಲ ಕಾರಿನಲ್ಲೇ ಆಗಿದೆ. ಡ್ರೈವ್‌ಥ್ರೂ ಕಿಟಕಿಯಲ್ಲಿ ಕೊಟ್ಟ ಕಾಗದದ ಪೊಟ್ಟಣ ಹಿಂದಿನ ಸೀಟಿಗೆ ಹೋದರೆ, ಎರಡು ಸಿಗ್ನಲ್ ದಾಟುವಷ್ಟರಲ್ಲಿ ಖಾಲಿ. "ರುಚಿ ಹೇಗಿತ್ತು ಪುಟ್ಟಿ?" ಎಂದು ಕೇಳಿದರೆ ಮಗಳಿಗೆ ಹೇಳಲು ಏನೂ ಇರುತ್ತಿರಲಿಲ್ಲ.

1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲಿನ ರೀತಿಯನ್ನೇ ಬದಲಿಸಿದರು. ತಟ್ಟೆ ಹೋಯಿತು, ಚಮಚ ಹೋಯಿತು, ತಂದುಕೊಡುವವರೂ ಹೋದರು. 15 ಸೆಂಟಿಗೆ ಹ್ಯಾಂಬರ್ಗರ್ ಬಂತು. ದುಡಿಯುವ ಸಂಸಾರಗಳಿಗೆ ಅದು ಅನುಕೂಲವೇ ಆಯಿತು. ಆದರೆ ತಟ್ಟೆಯ ಹಿಂದೆಯೇ, ಎದುರುಬದುರು ಕೂತು ಉಣ್ಣುವ ಹೊತ್ತೂ ಹೊರಟುಹೋಯಿತು.

ಅದರ ಬೆಲೆ ತೆರುವುದು ದೇಹ. 2019ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಮುಂದಿಟ್ಟ ಸಕ್ಕರೆ, ಕೊಬ್ಬು, ಉಪ್ಪು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಅತಿಸಂಸ್ಕರಿತ ಆಹಾರವನ್ನು ಅವರು ಬೇಗಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ತೂಕ ಸುಮಾರು 0.9 ಕೆ.ಜಿ. ಏರಿತು. ನಮ್ಮವರು ಇದನ್ನು ಹಗುರವಾಗಿ ಕಾಣುವಂತಿಲ್ಲ. ಬೇರೆಯವರಿಗೆ ಬಿಎಂಐ 25 ಆದಾಗ ಮಾಡುವ ಮಧುಮೇಹ ತಪಾಸಣೆಯನ್ನು ಏಷ್ಯಾ ಮೂಲದವರಿಗೆ 23ಕ್ಕೇ ಮಾಡಬೇಕೆಂದು ಅಮೆರಿಕದ ಮಧುಮೇಹ ಸಂಘ 2015ರಲ್ಲೇ ಹೇಳಿದೆ.

ಹಾಗೆಂದು ಬೇಗ ಸಿಗುವುದೆಲ್ಲ ಕೆಟ್ಟದ್ದಲ್ಲ. ಬೆಂಗಳೂರಿನ ದರ್ಶಿನಿಯಲ್ಲಿ ಟೋಕನ್ ಕೊಟ್ಟ ಎರಡು ನಿಮಿಷಕ್ಕೆ ಬಿಸಿ ಇಡ್ಲಿ ಕೈಗೆ ಬರುತ್ತದೆ. ಅಲ್ಲಿ ಅವಸರವೆಲ್ಲ ಕೊಡುವುದರಲ್ಲಿ. ಹಿಟ್ಟು ಮಾತ್ರ ರಾತ್ರಿಯೆಲ್ಲ ತನ್ನ ಪಾಡಿಗೆ ತಾನು ಹುದುಗು ಬಂದಿರುತ್ತದೆ. ಬಿಡುವಿಲ್ಲದ ನಮ್ಮ ಶನಿವಾರಗಳಿಗೂ ಈ ದಾರಿ ಸಾಕು ಅನ್ನಿಸಿತು.

ಈಗ ಗುರುವಾರ ರಾತ್ರಿ ಹಿಟ್ಟು ರುಬ್ಬುತ್ತೇವೆ. ಇಲ್ಲಿನ ಚಳಿಗೆ ಅದು ಉಬ್ಬುವುದಿಲ್ಲವೆಂದು ಓವನ್ನಿನೊಳಗಿಟ್ಟು ದೀಪ ಮಾತ್ರ ಹಾಕುತ್ತೇವೆ. ಬೆಳಗ್ಗೆ ಮುಚ್ಚಳ ತೆಗೆದು ನೋಡುವ ಕೆಲಸ ಮಗಳದು. "ಅಮ್ಮಾ, ಬಂದಿದೆ!" ಎಂದು ಅವಳು ಕೂಗಿದರೆ ಮನೆಯೆಲ್ಲ ಏಳಬೇಕು.

ಕಳೆದ ಶನಿವಾರ ಅವಳೇ ದೋಸೆ ಹುಯ್ದಳು. ಮೊದಲನೆಯದು ಕಾವಲಿಗೆ ಅಂಟಿ ಚೂರಾಯಿತು. ಅದನ್ನೂ ಡಬ್ಬಿಗೆ ಹಾಕಿಕೊಂಡು ಹೋಗಿ, ಈಜುಕೊಳದ ಪಕ್ಕದ ಬೆಂಚಿನ ಮೇಲೆ ಕೂತು ಚಟ್ನಿಪುಡಿಯ ಜೊತೆ ತಿಂದೆವು. ಕನ್ನಡ ಶಾಲೆಗೆ ಹತ್ತು ನಿಮಿಷ ತಡವಾಯಿತು. ರುಚಿ ಹೇಗಿತ್ತೆಂದು ಕೇಳಿದೆ. ಶಾಲೆಯ ಬಾಗಿಲು ಬರುವವರೆಗೂ ಹೇಳುತ್ತಲೇ ಇದ್ದಳು.